ಒಬ್ಬರ ಒಂದು ಗಂಟೆಗೆ ಎಷ್ಟು?

ಊರಿಗೆ ಹೋದಾಗ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ: "ಅಲ್ಲಿ ತಿಂಗಳ ಖರ್ಚು ಎಷ್ಟು ಬರುತ್ತದೆ?" ಸಂಬಳ ಎಷ್ಟು ಎಂದು ನೇರವಾಗಿ ಕೇಳಲು ಸಂಕೋಚ, ಖರ್ಚು ತಿಳಿದರೆ ಸಂಬಳವನ್ನು ಅವರೇ ಅಂದಾಜು ಮಾಡಿಕೊಳ್ಳುತ್ತಾರೆ. ಸಾಗರದ ಬಸ್ ನಿಲ್ದಾಣವಿರಲಿ, ಮದುವೆ ಮನೆಯ ಪಂಕ್ತಿಯಿರಲಿ, ಜರ್ಮನಿಯ ನ್ಯೂರೆಂಬರ್ಗಿನ ನಮ್ಮ ಮನೆ ಬಾಡಿಗೆ ಇಷ್ಟು ಯೂರೊ ಎಂದು ಹೇಳಿದ ಕೂಡಲೇ ಎದುರಿಗಿರುವವರ ತುಟಿ ಅಲುಗತೊಡಗುತ್ತದೆ. ಗುಣಿಸುತ್ತಿದ್ದಾರೆ. 2025ರಲ್ಲಿ ಯೂರೊ ನೂರು ರೂಪಾಯಿ ದಾಟಿದ ಮೇಲೆ ಈ ಗುಣಾಕಾರ ಬಹಳ ಸುಲಭವಾಗಿದೆ, ಎರಡು ಸೊನ್ನೆ ಸೇರಿಸಿದರೆ ಮುಗಿಯಿತು. ಮೊದಲು "ಅಬ್ಬಾ, ಬಾಡಿಗೆಗೇ ಅಷ್ಟೊಂದಾ!" ಎಂಬ ಉದ್ಗಾರ. ಆಮೇಲೆ, ಬಾಡಿಗೆಗೇ ಅಷ್ಟು ಕೊಡುವವರ ಕೈಯಲ್ಲಿ ಇನ್ನೆಷ್ಟು ಉಳಿಯಬಹುದು ಎಂಬ ಮೌನ ಲೆಕ್ಕ.

ಎರಡು ಸೊನ್ನೆಯ ಈ ಲೆಕ್ಕದಿಂದ ಅಲ್ಲಿಯ ಬದುಕೂ ಅರ್ಥವಾಗುವುದಿಲ್ಲ, ಇಲ್ಲಿಯದೂ ಅರ್ಥವಾಗುವುದಿಲ್ಲ. ಹಾಗೆಂದು ಲೆಕ್ಕವೇ ಬೇಡ ಎನ್ನುವ ಜಾತಿಯವಳೂ ನಾನಲ್ಲ. ಅಡಿಕೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವಳು. ರಾಶಿ ಅಡಿಕೆಗೆ ಎಷ್ಟು, ಬೆಟ್ಟೆ ಅಡಿಕೆಗೆ ಎಷ್ಟು ಎಂದು ಪತ್ರಿಕೆಯ ಮಾರುಕಟ್ಟೆ ಧಾರಣೆ ನೋಡಿದ ಮೇಲೆಯೇ ಮುಖಪುಟ ಓದುವ ಅಪ್ಪಯ್ಯನ ಮಗಳು. ಲೆಕ್ಕ ಬೇಕು. ಆದರೆ ಯಾವ ಸಾಮಾನಿಗೆ ಯಾವ ಗುಣಕ ಎಂಬುದು ಬೇರೆ ಬೇರೆ.

ಹಾಲಿನಿಂದ ಶುರು ಮಾಡೋಣ. 2025ರ ಏಪ್ರಿಲ್‌ನಲ್ಲಿ ದರ ಏರಿದ ಮೇಲೆ ನಂದಿನಿಯ ನೀಲಿ ಪ್ಯಾಕೆಟ್ ಹಾಲು ಲೀಟರಿಗೆ 46 ರೂಪಾಯಿ ಆಯಿತು. ನ್ಯೂರೆಂಬರ್ಗಿನ ನಮ್ಮ ಬೀದಿಯ ಅಂಗಡಿಯಲ್ಲಿ ಹಾಲು ಒಂದು ಯೂರೊ ಆಸುಪಾಸಿನಲ್ಲಿದೆ. ಅಂದರೆ ಇಲ್ಲಿಯ ಎರಡರಷ್ಟು. ಪೆಟ್ರೋಲು ನಮ್ಮಲ್ಲಿ ನೂರರ ಮೇಲೆ, ಅಲ್ಲಿ ಒಂದೂ ಮುಕ್ಕಾಲು ಯೂರೊ ಹತ್ತಿರ. ಇದು ಎರಡರಷ್ಟೂ ಆಗುವುದಿಲ್ಲ. ಲ್ಯಾಪ್‌ಟಾಪಿಗೆ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಬೆಲೆ, ಕೆಲವು ಮೊಬೈಲುಗಳು ಭಾರತದಲ್ಲೇ ದುಬಾರಿ. ಇಷ್ಟು ಕೇಳಿದರೆ ವಿದೇಶ ಅಷ್ಟೇನೂ ದುಬಾರಿಯಲ್ಲ ಅನ್ನಿಸುತ್ತದೆ. ಈಗ ತಲೆಗೂದಲಿಗೆ ಬನ್ನಿ. ನನ್ನ ಗಂಡ ಸಾಗರದಲ್ಲಿ ನೂರಿಪ್ಪತ್ತು ರೂಪಾಯಿ ಕೊಟ್ಟು ಕೂದಲು ಕತ್ತರಿಸಿಕೊಂಡು ಬರುತ್ತಾರೆ. ನ್ಯೂರೆಂಬರ್ಗಿನಲ್ಲಿ ಅದೇ ತಲೆಗೆ ಮೂವತ್ತು ಯೂರೊ. ಇಪ್ಪತ್ತೈದು ಪಟ್ಟು! ಮಸಾಲೆ ದೋಸೆ ಇಲ್ಲಿ ಅರವತ್ತು, ಎಪ್ಪತ್ತು ರೂಪಾಯಿ. ಅಲ್ಲಿಯ ಭಾರತೀಯ ಹೋಟೆಲಿನಲ್ಲಿ ಹದಿಮೂರು ಯೂರೊ, ಅದೂ ಸೆಟೆದುಕೊಂಡು ತಣ್ಣಗಾಗಿರುವ ದೋಸೆ.

ಪಟ್ಟಿಯನ್ನು ಎಷ್ಟು ಬೆಳೆಸಿದರೂ ಕಾಣುವುದು ಇದೇ. ಯಂತ್ರ ಮಾಡಿದ್ದು, ಹಡಗಿನಲ್ಲಿ ಬಂದದ್ದು ಎರಡೂ ಕಡೆ ಹತ್ತಿರ ಹತ್ತಿರ. ಮನುಷ್ಯನೊಬ್ಬ ನಿಮ್ಮ ಮುಂದೆ ನಿಂತು ಕೈಯಾರೆ ಮಾಡಿಕೊಡಬೇಕಾದದ್ದು ಅಲ್ಲಿ ಇಪ್ಪತ್ತು, ಇಪ್ಪತ್ತೈದು ಪಟ್ಟು. ನಾವು 'ಜೀವನ ವೆಚ್ಚ' ಎಂದು ಕರೆಯುವುದರ ಬಹುಪಾಲು, ಇನ್ನೊಬ್ಬರ ಒಂದು ಗಂಟೆಗೆ ಆ ಊರಿನಲ್ಲಿ ಎಷ್ಟು ಕೊಡುತ್ತಾರೆ ಎಂಬುದೇ.

ಇದು ನನ್ನ ಸಂಶೋಧನೆಯೇನಲ್ಲ. 1964ರಲ್ಲಿ ಬೇಲಾ ಬಲಾಸ್ಸಾ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು ಬೇರೆ ಬೇರೆಯಾಗಿ ಬರೆದದ್ದರ ಸಾರ ಇದು. ನ್ಯೂರೆಂಬರ್ಗಿನ ಕ್ಷೌರಿಕನ ಕತ್ತರಿ ಸಾಗರದ ಕತ್ತರಿಗಿಂತ ಚುರುಕಾಗಿ ಓಡುವುದಿಲ್ಲ. ಆದರೆ ಆತ ಕತ್ತರಿ ಕೆಳಗಿಟ್ಟು ಪಕ್ಕದ ಕಾರ್ಖಾನೆಗೆ ಹೋದರೆ ಅಲ್ಲಿ ಯಂತ್ರದ ಬಲದಿಂದ ಒಂದು ಗಂಟೆಗೆ ಹುಟ್ಟುವ ಸಂಪತ್ತು ದೊಡ್ಡದು, ಕೂಲಿಯೂ ದೊಡ್ಡದು. ಅವನನ್ನು ಕ್ಷೌರದಂಗಡಿಯಲ್ಲಿ ಉಳಿಸಿಕೊಳ್ಳಬೇಕಾದರೆ ತಲೆಗೂದಲಿನ ದರವೂ ಅದಕ್ಕೆ ತಕ್ಕಂತೆ ಏರಲೇಬೇಕು. 2016ರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ರಘುರಾಮ್ ರಾಜನ್ ಅವರನ್ನು ವಿದ್ಯಾರ್ಥಿಯೊಬ್ಬರು ಕೇಳಿದ್ದರು, ಹಣದುಬ್ಬರ ಇಳಿದರೂ ದೋಸೆಯ ಬೆಲೆ ಏಕೆ ಇಳಿಯುವುದಿಲ್ಲ ಎಂದು. ಅವರು ದೋಷವನ್ನು ಕಾವಲಿಯ ಮೇಲೆ ಹಾಕಿದರು: ದೋಸೆ ಹೊಯ್ಯುವ ವಿಧಾನ ಹಿಂದಿನಂತೆಯೇ ಇದೆ, ಹೊಯ್ಯುವವರ ಸಂಬಳ ಮಾತ್ರ ಏರಿದೆ. ಅರ್ಥಶಾಸ್ತ್ರದಲ್ಲಿ ನನಗೆ ಪೂರ್ತಿ ಅರ್ಥವಾದ ಮೊದಲ ಪಾಠ ಅದು.

ಸರ್ಕಾರಗಳೂ ಈ ಲೆಕ್ಕ ಇಟ್ಟಿವೆ. ವಿಶ್ವ ಬ್ಯಾಂಕಿನ ಬೆಲೆ ಹೋಲಿಕೆ ಕಾರ್ಯಕ್ರಮದ ಪ್ರಕಾರ, 2017ರಲ್ಲಿ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸರಕು, ಸೇವೆ ಭಾರತದಲ್ಲಿ 20.65 ರೂಪಾಯಿಗೆ ಸಿಗುತ್ತಿತ್ತು. ಆ ವರ್ಷ ವಿನಿಮಯ ದರ 65.12 ರೂಪಾಯಿ. ಹಾಗಾದರೆ ನಮ್ಮ ರೂಪಾಯಿ ಬ್ಯಾಂಕು ಹೇಳುವುದಕ್ಕಿಂತ ಮೂರು ಪಟ್ಟು ಗಟ್ಟಿ ಎಂದು ಎದೆ ತಟ್ಟಿಕೊಳ್ಳಬಹುದೇ? ತಟ್ಟಿಕೊಳ್ಳುವವರಿದ್ದಾರೆ. ಆದರೆ ಅದು ಸರಾಸರಿ. ದೋಸೆಯನ್ನೂ ಲ್ಯಾಪ್‌ಟಾಪನ್ನೂ ಒಂದೇ ಹಂಡೆಯಲ್ಲಿ ಬೇಯಿಸಿ ತೆಗೆದ ಸಂಖ್ಯೆ. ಮಗನ ಓದಿಗೆ ಲ್ಯಾಪ್‌ಟಾಪ್ ಕೊಳ್ಳಬೇಕಾದ ಸಾಗರದ ರಿಕ್ಷಾ ಚಾಲಕರಿಗೆ ಆ ಮೂರು ಪಟ್ಟಿನ ಗಟ್ಟಿತನದಿಂದ ಒಂದು ಪೈಸೆಯೂ ಉಳಿಯುವುದಿಲ್ಲ.

ಇನ್ನೊಬ್ಬರ ಗಂಟೆ ದುಬಾರಿಯಾದ ಊರಿನಲ್ಲಿ ಬದುಕುವುದೆಂದರೆ ಏನು ಎಂದು ನನಗೆ ಮೊದಲು ತಿಳಿಸಿದ್ದು ನಮ್ಮ ಬಾಡಿಗೆ ಮನೆಯ ಅಡುಗೆಮನೆ. ಅಡುಗೆಮನೆ ಎಂದು ತೋರಿಸಿದ ಕೋಣೆಯಲ್ಲಿ ಏನೂ ಇರಲಿಲ್ಲ. ಬಿಳಿ ಗೋಡೆ, ಗೋಡೆಯಿಂದ ಮೊಳಕೈಯಷ್ಟು ಹೊರಚಾಚಿದ ಎರಡು ನೀರಿನ ಕೊಳವೆ, ನೆಲದ ಬಳಿ ಬಟ್ಟೆ ತುರುಕಿ ಮುಚ್ಚಿದ ಕೊಳಚೆ ಪೈಪು, ಒಲೆಗೆಂದು ನೇತಾಡುವ ದಪ್ಪ ವಿದ್ಯುತ್ ತಂತಿ. ಹಿಂದಿನ ಬಾಡಿಗೆದಾರರು ತೊಟ್ಟಿ, ಒಲೆ, ಕಪಾಟು ಎಲ್ಲವನ್ನೂ ಬಿಚ್ಚಿಕೊಂಡು ಹೋಗಿದ್ದರು. ಜರ್ಮನಿಯಲ್ಲಿ ಬಹಳ ಕಡೆ ಹೀಗೆಯೇ. ಅಡುಗೆಮನೆ ಬಾಡಿಗೆದಾರನ ಆಸ್ತಿ. ಹೊಸದನ್ನು ಕೊಂಡೆವು. ಅದು ರಟ್ಟಿನ ಪೆಟ್ಟಿಗೆಗಳಲ್ಲಿ ಬಂತು. ಜೋಡಿಸಲು ಜನ ಬೇಕಾದರೆ ಇಷ್ಟು ಎಂದು ಅಂಗಡಿಯವರು ಹೇಳಿದ ಮೊತ್ತ ಕೇಳಿ ನಾವಿಬ್ಬರೂ ಮುಖ ಮುಖ ನೋಡಿಕೊಂಡು, ಪಕ್ಕದ ಮನೆಯವರಿಂದ ಡ್ರಿಲ್ ಎರವಲು ತಂದೆವು. ಪೆಟ್ಟಿಗೆ ಬಿಚ್ಚಿ, ಚಿತ್ರ ನೋಡಿ, ಸ್ಕ್ರೂ ಎಣಿಸಿ ಜೋಡಿಸಿದ ಆ ಕಪಾಟಿನ ಒಂದು ಬಾಗಿಲು ಇವತ್ತಿಗೂ ಸ್ವಲ್ಪ ವಾಲಿಕೊಂಡಿದೆ.

ಆಮೇಲೆ ಉಳಿದದ್ದೂ ಹಾಗೆಯೇ ಬಂತು. ಗಂಡನ ತಲೆಗೂದಲಿಗೆ ಮನೆಯಲ್ಲೇ ಟ್ರಿಮ್ಮರ್. ಮನೆ ಬದಲಿಸುವಾಗ ಗೆಳೆಯರನ್ನು ಕರೆದು ಪಿಜ್ಜಾ ಕೊಡಿಸಿ ಸಾಮಾನು ಹೊರಿಸುವುದು. ಮನೆ ಬಿಡುವಾಗ ಗೋಡೆಗೆ ಬಣ್ಣ ಬಳಿಯುವುದು. ಶನಿವಾರವೇ ವಾರದ ಸಾಮಾನು ತಂದಿಟ್ಟುಕೊಳ್ಳುವುದು, ಭಾನುವಾರ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಅಂಗಡಿಯ ಹುಡುಗಿಗೂ ಭಾನುವಾರ ಬೇಕು ಎಂದು ಕಾನೂನೇ ಒಪ್ಪಿಕೊಂಡಿದೆ. ಇದನ್ನು ನಾನು ಬಯ್ಯುತ್ತಲೇ ಮೆಚ್ಚಿದ್ದೇನೆ. 2015ರಲ್ಲಿ ಗಂಟೆಗೆ ಎಂಟೂವರೆ ಯೂರೊ ಎಂದು ಶುರುವಾದ ಅಲ್ಲಿಯ ಕನಿಷ್ಠ ವೇತನ 2026ಕ್ಕೆ 13.90 ಆಗಿದೆ. ಅದಕ್ಕಿಂತ ಕಡಿಮೆಗೆ ಯಾರನ್ನೂ ಕರೆಯುವಂತಿಲ್ಲ. ಹಾಗಾಗಿ ಕರೆಯುವುದೇ ಇಲ್ಲ. ನನ್ನ ಸಂಬಳದ ಚೀಟಿಯಲ್ಲಿ ಕಾಣದ ಖರ್ಚು ಇದು: ನನ್ನದೇ ಶನಿವಾರಗಳು.

ಕಾಣುವ ಕಡಿತಗಳು ಬೇರೆ. ಪಿಂಚಣಿಗೆ ಸಂಬಳದ ಶೇ. 18.6, ಆರೋಗ್ಯ ವಿಮೆಗೆ ಶೇ. 14.6 ಮತ್ತು ಮೇಲಿಷ್ಟು, ಆರೈಕೆ ವಿಮೆ, ನಿರುದ್ಯೋಗ ವಿಮೆ. ಹೆಚ್ಚು ಕಡಿಮೆ ಅರ್ಧ ನಾನು, ಅರ್ಧ ಕಂಪನಿ. ಮೇಲೆ ಆದಾಯ ತೆರಿಗೆ. ಟಿವಿ ಇಲ್ಲದಿದ್ದರೂ ಸಾರ್ವಜನಿಕ ಪ್ರಸಾರಕ್ಕೆಂದು ಮನೆಗೊಂದರಂತೆ ತಿಂಗಳಿಗೆ 18.36 ಯೂರೊ ಕೊಡಬೇಕು. "ನಮ್ಮಲ್ಲಿ ಟಿವಿಯೇ ಇಲ್ಲ" ಎಂಬ ವಾದ ನಡೆಯುವುದಿಲ್ಲ. ಮೊದಲ ತಿಂಗಳ ಚೀಟಿ ನೋಡಿದಾಗ ಯಾರೋ ಜೇಬು ಕತ್ತರಿಸಿದಂತೆ ಅನ್ನಿಸಿದ್ದು ನಿಜ.

ಆ ಜೇಬಿನ ಹಣ ಎಲ್ಲಿಗೆ ಹೋಯಿತು ಎಂದು ತಿಳಿದದ್ದು ನಾನು ಆಸ್ಪತ್ರೆ ಸೇರಿದಾಗ. ಶಸ್ತ್ರಚಿಕಿತ್ಸೆ ಆಯಿತು, ಒಂದು ವಾರ ಮಲಗಿದ್ದೆ. ಬಿಡುಗಡೆಯ ನಂತರ ಮನೆಗೆ ಬಂದ ಬಿಲ್ಲು ದಿನಕ್ಕೆ ಹತ್ತು ಯೂರೊದಂತೆ. ವರ್ಷದಲ್ಲಿ 28 ದಿನದವರೆಗೆ ಅಷ್ಟೇ, ಆಮೇಲೆ ಅದೂ ಇಲ್ಲ. ಆರು ವಾರದವರೆಗೆ ಕಾಯಿಲೆಯ ರಜೆಗೂ ಪೂರ್ತಿ ಸಂಬಳ. ನಾನು ಆ ಬಿಲ್ಲನ್ನು ಅಪ್ಪಯ್ಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದು ಹಾಳೆ ಇರಬೇಕು, ಸರಿಯಾಗಿ ನೋಡು ಕೂಸೇ" ಎಂದರು.

ಅವರು ಹಾಗೆ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ದೊಡ್ಡಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿಸುವಾಗ ಮರದ ಮೇಲಿದ್ದ ಫಸಲನ್ನೇ ಲೆಕ್ಕಕ್ಕೆ ಹಿಡಿದು ಅಡಿಕೆ ಮಂಡಿಯಿಂದ ಸಾಲ ತಂದಿದ್ದರು. ಸಾಲದ್ದಕ್ಕೆ ದೊಡ್ಡಮ್ಮನ ಬಳೆ ಬ್ಯಾಂಕಿಗೆ ಹೋಯಿತು. ಸಾಗರದಿಂದ ದೊಡ್ಡ ಆಸ್ಪತ್ರೆ ಎಂದರೆ ಶಿವಮೊಗ್ಗ, ಅದನ್ನೂ ಮೀರಿದರೆ ಹೊಸನಗರ ದಾಟಿ ಹುಲಿಕಲ್ ಘಾಟಿ ಇಳಿದು ಮಣಿಪಾಲ. ಮಳೆಗಾಲದಲ್ಲಿ ಘಾಟಿಯ ಗುಡ್ಡ ಜರಿದರೆ ಆ ದಾರಿಯೂ ಇಲ್ಲ. ಆಯುಷ್ಮಾನ್ ಕಾರ್ಡು, ಯಶಸ್ವಿನಿ ಇವೆಲ್ಲ ಈಗ ಇವೆ, ಬಡವರಿಗೆ ಆಧಾರವೂ ಆಗಿವೆ. ಆದರೆ ನಾಲ್ಕು ಎಕರೆ ತೋಟದ ನಮ್ಮಂಥವರು ಕಾರ್ಡಿನ ಮಟ್ಟಕ್ಕೆ ಶ್ರೀಮಂತರು, ಆಸ್ಪತ್ರೆಯ ಮಟ್ಟಕ್ಕೆ ಬಡವರು. ಊರಿನಲ್ಲಿ ಬದುಕು ಅಗ್ಗ ಎನ್ನುವವರು ಆರೋಗ್ಯವಂತರ ತಿಂಗಳನ್ನು ಲೆಕ್ಕ ಹಾಕುತ್ತಾರೆ. ಕಾಯಿಲೆಯ ಒಂದು ತಿಂಗಳು ಹತ್ತು ವರ್ಷದ ಅಗ್ಗವನ್ನು ನುಂಗುತ್ತದೆ.

ಇನ್ನೊಂದು ಕಡೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಊರಿನ ಮನೆಯ ಬಹಳಷ್ಟು ಆದಾಯ ಯಾವ ಪುಸ್ತಕದಲ್ಲೂ ಇಲ್ಲ. ಬೆಟ್ಟದ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಹರಿದು ಬರುವ ನೀರು. ಸೊಪ್ಪಿನ ಬೆಟ್ಟದ ದರಕು ಎಂಬ ಒಣ ಎಲೆ, ಸೊಪ್ಪು. ಬಚ್ಚಲ ಹಂಡೆಗೆ ಅಡಿಕೆ ಸಿಪ್ಪೆಯ ಉರಿ. ಹಿತ್ತಿಲಿನ ಬಸಳೆ, ಕೆಸು, ಹಲಸು, ಬಾಳೆಕಾಯಿ. ನ್ಯೂರೆಂಬರ್ಗಿನಲ್ಲಿ ಒಂದು ಹಿಡಿ ಕರಿಬೇವಿಗೆ ಎರಡು ಯೂರೊ ಕೊಡುವಾಗ, ಅಮ್ಮ ದಾರಿಗೆ ಅಡ್ಡ ಬಂತೆಂದು ಕಡಿದು ಹಾಕುವ ಕರಿಬೇವಿನ ಗಿಡದ ಬೆಲೆಯನ್ನು ನಾನೂ ನೂರರಿಂದ ಗುಣಿಸಿದ್ದೇನೆ. ಬಿಸಿನೀರಿನ ವಿಷಯದಲ್ಲಂತೂ ಹೋಲಿಕೆಯೇ ಬೇಡ. ಅಲ್ಲಿ ವರ್ಷದ ಕೊನೆಗೆ ಹೀಟಿಂಗ್ ಲೆಕ್ಕ ಬರುತ್ತದೆ. ಕಿಟಕಿ ಎಷ್ಟು ಹೊತ್ತು ತೆರೆದಿಟ್ಟೆವು, ಸ್ನಾನಕ್ಕೆ ಎಷ್ಟು ನಿಮಿಷ ತೆಗೆದುಕೊಂಡೆವು ಎಂಬ ಜಗಳ ಆ ಕಾಗದದಿಂದಲೇ ಹುಟ್ಟುತ್ತದೆ. ಚಳಿಗಾಲದಲ್ಲೂ ದಿನಕ್ಕೆ ಎರಡು ಬಾರಿ ಕಿಟಕಿ ಪೂರ್ತಿ ತೆರೆದು ಗಾಳಿ ಆಡಿಸದಿದ್ದರೆ ಗೋಡೆಗೆ ಬೂಷ್ಟು ಬರುತ್ತದೆ, ಅದಕ್ಕೆ ನಾವೇ ಹೊಣೆ. ಮಳೆಗಾಲದಲ್ಲಿ ಚಪ್ಪಲಿಯಿಂದ ಹಿಡಿದು ಕುಂಕುಮದ ಭರಣಿಯವರೆಗೆ ಬೂಷ್ಟು ಹಿಡಿಯುವ ಊರಿನಿಂದ ಹೋದವಳಿಗೆ ಇದೊಂದು ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ವಿದ್ಯುತ್ತಿನ ಕಥೆ ತಮಾಷೆಯಾಗಿದೆ. ಅಲ್ಲಿ ಯೂನಿಟ್ಟಿಗೆ ನಲವತ್ತು ಸೆಂಟ್ ಹತ್ತಿರ. ಇಲ್ಲಿ 2023ರಿಂದ ಗೃಹಜ್ಯೋತಿಯಲ್ಲಿ ಅಪ್ಪಯ್ಯನ ಬಿಲ್ಲು ಸೊನ್ನೆ. ಆದರೆ ಮೊದಲ ಮಳೆಗೆ ಹೋದ ಕರೆಂಟು ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ಇನ್ವರ್ಟರ್, ಮೂರ್ನಾಲ್ಕು ವರ್ಷಕ್ಕೊಮ್ಮೆ ಅದರ ಬ್ಯಾಟರಿ, ಅದೂ ಬರಿದಾದರೆ ಎಂದು ಸೋಲಾರ್ ದೀಪ. 1964ರಲ್ಲಿ ಕಟ್ಟಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗೆ ನಮ್ಮ ಸುತ್ತಲಿನ ಊರುಗಳೇ ಮುಳುಗಿದ್ದು. ಆ ನೀರಿನ ಬೆಳಕು ನಾಡಿಗೆಲ್ಲ ಹೋಯಿತು, ಮುಳುಗಡೆಯಾದವರ ಮಕ್ಕಳು ಇನ್ನೂ ಜಮೀನಿನ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ಆ ಹಿನ್ನೀರಿನಾಚೆಯ ತುಮರಿ ಭಾಗದಲ್ಲಿ ನಮ್ಮ ಸೋದರತ್ತೆಯ ಮನೆ. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಮಿಗಿಲಾದ ಸೇತುವೆ ಆಗುವವರೆಗೆ ಅತ್ತೆಯ ಮನೆಯವರ ದಿನವೆಲ್ಲ ಲಾಂಚಿನ ವೇಳೆಗೆ ಕಟ್ಟುಬಿದ್ದಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಕಾಡಿನ ಸುತ್ತು ಹಾದಿ, ಇಲ್ಲವೇ ಈ ದಡದಲ್ಲೇ ಯಾರದೋ ಮನೆಯ ಜಗುಲಿ. ಲಾಂಚಿನ ಟಿಕೆಟ್ಟು ಪುಡಿಗಾಸು. ಹೊಟ್ಟೆನೋವಿನಿಂದ ಒದ್ದಾಡುವ ಮಗುವನ್ನು ಎತ್ತಿಕೊಂಡು ಬೆಳಗಾಗುವುದನ್ನು ಕಾದು ಕುಳಿತವರನ್ನು ಕೇಳಿದರೆ ಅದರ ನಿಜವಾದ ದರ ಹೇಳಿಯಾರು.

ಪ್ರಯಾಣದ್ದೂ ಹೀಗೆ. ಜರ್ಮನಿಯಲ್ಲಿ ಇಡೀ ದೇಶದ ಸ್ಥಳೀಯ ರೈಲು, ಬಸ್ಸು, ಟ್ರಾಮಿಗೆ ಒಂದೇ ಮಾಸಿಕ ಟಿಕೆಟ್ಟು 2023ರ ಮೇ ತಿಂಗಳಲ್ಲಿ 49 ಯೂರೊಗೆ ಶುರುವಾಯಿತು. 58 ಆಯಿತು, 2026ರಲ್ಲಿ 63. ಅಮ್ಮನಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ. "ನಿನ್ನದಕ್ಕೆ ಅರವತ್ತಮೂರು, ನನ್ನದಕ್ಕೆ ಸೊನ್ನೆ" ಎಂದು ಅಮ್ಮ ನಗುತ್ತಾರೆ. ಆದರೆ ಉಚಿತ ಓಡುವುದು ಸರ್ಕಾರಿ ಬಸ್ಸಿನಲ್ಲಿ, ನಮ್ಮೂರ ಕ್ರಾಸಿಗೆ ಹೆಚ್ಚಾಗಿ ಬರುವುದು ಖಾಸಗಿ ಬಸ್ಸು.

ಈಗ ಕೂಲಿಯ ವಿಷಯಕ್ಕೆ ಮರಳುತ್ತೇನೆ, ನನಗೆ ಮುಖ್ಯವಾಗಿ ಹೇಳಬೇಕಾದದ್ದು ಅದೇ.

ನಾನು ಚಿಕ್ಕವಳಿದ್ದಾಗ ಸುಗ್ಗಿಯ ರಾತ್ರಿ ನಮ್ಮ ಅಂಗಳದ ಚಪ್ಪರದಡಿ ಅಡಿಕೆ ಸುಲಿಯಲು ಇಪ್ಪತ್ತು ಮಂದಿ ಸೇರುತ್ತಿದ್ದರು. ಮೆಟ್ಟುಗತ್ತಿಯ ಮೇಲೆ ಒಂದು ಕಾಲು ಮಡಚಿ ಕೂತು, ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ, ಒಂದು ತಿರುವಿಗೆ ಸಿಪ್ಪೆ ಸೀಳಿ, ಇನ್ನೊಂದಕ್ಕೆ ಬೇಳೆ ಹಾರಿಸಿ ಡಬ್ಬಕ್ಕೆ ಬೀಳಿಸುವ ಆ ಹೆಂಗಸರ ಬೆರಳುಗಳ ಓಟ ಕಣ್ಣಿಗೆ ಸಿಗುತ್ತಿರಲಿಲ್ಲ. ಕಪ್ಪಗೆ ಚೊಗರು ಹಿಡಿದ ಬೆರಳು, ಅಂಗೈಯ ಬುಡದಲ್ಲಿ ಹಳೆಯ ಗಾಯಗಳ ಗೆರೆ. ಕೂಲಿ ಡಬ್ಬದ ಲೆಕ್ಕ. ನಡುವೆ ಒಂದು ಚಹಾ, ಕವಳ, ಹಾಡು, ನಗು. ಆ ನೆನಪು ನನಗೆ ಬಹಳ ಚಂದ. ಆ ಡಬ್ಬಕ್ಕೆ ಆಗ ಎಷ್ಟು ಕೊಡುತ್ತಿದ್ದರು ಎಂದು ಅಪ್ಪಯ್ಯನ ಹಳೆಯ ಲೆಕ್ಕದ ಪುಸ್ತಕ ತೆಗೆದು ನೋಡಿದ ಮೇಲೆ ಚಂದ ಸ್ವಲ್ಪ ಕಡಿಮೆಯಾಯಿತು. ನಮ್ಮ ಬಾಲ್ಯದ 'ಅಗ್ಗದ ಬದುಕು' ಆ ಬೆರಳುಗಳಿಂದ ಬಂದದ್ದು. ಅವರ ರಾತ್ರಿ ಅಗ್ಗವಾಗಿತ್ತು, ಹಾಗಾಗಿ ನಮ್ಮ ಹಗಲು ಸಲೀಸಾಗಿತ್ತು.

ಆ ಹೆಂಗಸರ ಮಕ್ಕಳು ಇವತ್ತು ಬೆಂಗಳೂರಿನಲ್ಲಿದ್ದಾರೆ. ಒಬ್ಬಳು ನರ್ಸ್, ಒಬ್ಬ ಕಾರು ಓಡಿಸುತ್ತಾನೆ, ಇನ್ನೊಬ್ಬ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಇದನ್ನು 'ಆಳಿನ ಸಮಸ್ಯೆ' ಎಂದು ಕರೆಯುವವರ ಜೊತೆ ನನಗೆ ಜಗಳವಿದೆ. ತೋಟದವರ ಮಕ್ಕಳಾದ ನಾವು ಊರು ಬಿಟ್ಟರೆ ಪ್ರಗತಿ, ಅವರು ಬಿಟ್ಟರೆ ಸಮಸ್ಯೆಯೇ?

ಸುಲಿಯಲು ಈಗ ಯಂತ್ರ ಬಂದಿದೆ. ಕೊಯ್ಯುವುದಕ್ಕೆ ಪೂರ್ತಿ ಬಂದಿಲ್ಲ. ಕೊನೆಗಾರ ಮರ ಹತ್ತಿ, ಕೊನೆ ಎಂದರೆ ಅಡಿಕೆ ಗೊನೆ ಕತ್ತರಿಸಿ ನೇಣಿಗೆ ಸಿಕ್ಕಿಸಿ ಜಾರಿಬಿಟ್ಟು, ಕೆಳಗಿಳಿಯದೆ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಮುಂಗಾರಿನ ಹೊತ್ತಿಗೆ ಕೊಳೆ ರೋಗಕ್ಕೆ ಮದ್ದು ಹೊಡೆಯಲು ಅವನೇ ಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಯಾರು ಬೇಕಾದರೂ ಕಲಸಬಹುದು, ಮರದ ತುದಿಗೆ ಅದನ್ನು ಮುಟ್ಟಿಸುವವನು ಸಿಗಬೇಕಲ್ಲ. ಮಳೆ ಹಿಡಿದ ಮೇಲೆ ಒಂದು ವಾರ ತಡವಾದರೂ ಕಾಯಿ ಉದುರಲು ಶುರು. ನಮ್ಮೂರಿಗೆ ಈಗ ಉಳಿದಿರುವ ಕೊನೆಗಾರರು ಕೈಬೆರಳಲ್ಲಿ ಎಣಿಸುವಷ್ಟು. ದಿನಕ್ಕೆ ಸಾವಿರದ ಐನೂರು ಕೊಡುತ್ತೇವೆಂದರೂ ಅವರ ಪಾಳಿ ಕಾಯಬೇಕು. ಕಾರ್ಬನ್ ಫೈಬರ್ ದೋಟಿ ಕೊಂಡು ನೆಲದಿಂದಲೇ ಕೊಯ್ಯುವವರು ಹೆಚ್ಚಾಗಿದ್ದಾರೆ. ಅಪ್ಪಯ್ಯನ ಕುತ್ತಿಗೆ ನೋವು ಆ ದೋಟಿಯ ಕೊಡುಗೆ. ಕೆಲವು ಕಡೆ ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಜನ ಬಂದು ತೋಟದ ಕೆಲಸ ಮಾಡುತ್ತಿದ್ದಾರೆ. ನಾವು ಜರ್ಮನಿಗೆ ಹೋದಂತೆ ಅವರು ಮಲೆನಾಡಿಗೆ.

ಹೀಗೆ ನೋಡಿದರೆ ಮಲೆನಾಡು ಒಂದೇ ಒಂದು ವಿಷಯದಲ್ಲಿ ಜರ್ಮನಿಯ ದಾರಿ ಹಿಡಿದಿದೆ: ಇನ್ನೊಬ್ಬರ ಗಂಟೆಗೆ ಬೆಲೆ ಬಂದಿದೆ. ಬರಲೇಬೇಕಾಗಿತ್ತು. ಆದರೆ ಜರ್ಮನಿಯಲ್ಲಿ ಆ ಬೆಲೆಯ ಜೊತೆಗೇ ಬಂದ ವಿಮೆ, ಪಿಂಚಣಿ, ಹತ್ತು ಯೂರೊ ಆಸ್ಪತ್ರೆ ನಮ್ಮ ಕೊನೆಗಾರನಿಗೆ ಬಂದಿಲ್ಲ. ಮರದಿಂದ ಬಿದ್ದರೆ ಅವನಿಗೆ ಆರು ವಾರದ ಸಂಬಳ ಕೊಡುವವರಿಲ್ಲ. ಸಾವಿರದ ಐನೂರು ಹೆಚ್ಚಾಯಿತು ಎಂದು ಜಗುಲಿಯಲ್ಲಿ ಕುಳಿತು ಗೊಣಗುವವರಿಗೆ ನಾನು ಇದನ್ನೇ ಹೇಳುತ್ತೇನೆ, ಅವರು ನನಗೆ "ನಿನಗೇನು, ಯೂರೊದಲ್ಲಿ ಬರುತ್ತದೆ" ಎನ್ನುತ್ತಾರೆ. ಅದೂ ಸುಳ್ಳಲ್ಲ.

ಮೊದಲು ಮುಯ್ಯಾಳು ಎಂಬುದಿತ್ತು. ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು, ನಾಳೆ ನನ್ನದಕ್ಕೆ ನೀವು. ನಡುವೆ ರೂಪಾಯಿ ಸುಳಿಯುವುದಿಲ್ಲ. ಗಂಟೆಗೆ ಗಂಟೆಯೇ ಬೆಲೆ. ನ್ಯೂರೆಂಬರ್ಗಿನಲ್ಲಿ ಗೆಳೆಯರನ್ನು ಕರೆದು ಪಿಜ್ಜಾ ಕೊಡಿಸಿ ಸೋಫಾ ಹೊರಿಸುವಾಗ ನಾವು ಮಾಡುವುದು ಅದನ್ನೇ. ಊರಿನಲ್ಲಿ ಗದ್ದೆ ಕಡಿಮೆಯಾಗಿ ತೋಟ ಹೆಚ್ಚಾದಂತೆ, ಮನೆಗೊಬ್ಬರಂತೆ ಉಳಿದವರಿಗೂ ವಯಸ್ಸಾದಂತೆ ಅದು ಕರಗುತ್ತಾ ಬಂತು. ಎಪ್ಪತ್ತರವರು ಎಪ್ಪತ್ತೈದರವರ ಅಡಿಕೆ ಹೊರಲು ಹೋಗುವುದಾದರೂ ಹೇಗೆ?

ವಯಸ್ಸಿನ ಮಾತು ಬಂತು. ಎರಡೂ ಊರುಗಳ ಲೆಕ್ಕದಲ್ಲಿ ದೊಡ್ಡ ಸಾಲು ಅದು, ಮತ್ತು ಯಾರೂ ಮೊದಲು ಬರೆಯದ ಸಾಲು. ಜರ್ಮನಿಯ ವೃದ್ಧರ ಆರೈಕೆ ಮನೆಯಲ್ಲಿ, ಆರೈಕೆ ವಿಮೆ ತನ್ನ ಪಾಲು ಕೊಟ್ಟ ಮೇಲೂ, ಮೊದಲ ವರ್ಷ ಅಲ್ಲಿರುವವರು ಕೈಯಿಂದ ಕೊಡಬೇಕಾದದ್ದು ಸರಾಸರಿ ತಿಂಗಳಿಗೆ 3000 ಯೂರೊ ದಾಟಿದೆ. ನಮ್ಮ ಕೆಳಗಿನ ಮಹಡಿಯ ಅಜ್ಜಿ ತನ್ನ ಗಂಡನಿಗಾಗಿ ಮನೆ ಮಾರುವ ಮಾತಾಡುತ್ತಿದ್ದಾರೆ. ಅಲ್ಲಿ ಮಂಚದ ಪಕ್ಕ ನಿಂತು ಆರೈಕೆ ಮಾಡುವವರಲ್ಲಿ ಕೇರಳದಿಂದ ಬಂದ ನರ್ಸುಗಳೂ ಇದ್ದಾರೆ. ನಮ್ಮ ಊರಿನಲ್ಲೋ, ಮನೆ ಮನೆಯಲ್ಲೂ ಇಬ್ಬರೇ ಮುದುಕರು, ಒಂದು ನಾಯಿ, ಜಗುಲಿಯಲ್ಲಿ ಸಿಗ್ನಲ್ ಸಿಗುವ ಕಂಬದ ಪಕ್ಕ ಒಂದು ಕುರ್ಚಿ. ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗ ಊರಿನಲ್ಲಿ ಎಲ್ಲವೂ ಅಗ್ಗ ಎಂಬ ನಂಬಿಕೆಯಲ್ಲೇ ನಾನು ಜನ ಹುಡುಕತೊಡಗಿದೆ. ರಾತ್ರಿ ಉಳಿಯುವವರು ಸಿಗಲಿಲ್ಲ. ಕೊನೆಗೆ ಶಿವಮೊಗ್ಗದಿಂದ ಒಬ್ಬರು ಬಂದರು, ತಿಂಗಳಿಗೆ ಇಪ್ಪತ್ತೆರಡು ಸಾವಿರಕ್ಕೆ. ಅವರು ತಮ್ಮ ಮಗನನ್ನು ತಾಯಿಯ ಬಳಿ ಬಿಟ್ಟು ಬಂದಿದ್ದರು. ಆ ಹಣವನ್ನು ನಾನು ಯೂರೊದಿಂದ ಭಾಗಿಸಿ ನೋಡಿದೆ, ತೀರಾ ಸಣ್ಣದಾಗಿ ಕಂಡಿತು. ಅಪ್ಪಯ್ಯ ಅದನ್ನು ಅಡಿಕೆಯಿಂದ ಭಾಗಿಸಿ ನೋಡಿದರು, ಸಣ್ಣದಾಗಿ ಕಾಣಲಿಲ್ಲ.

ಚಿಕ್ಕಪ್ಪನ ಮಗನಿಗೆ ಈಗ ಸ್ಟುಟ್‌ಗಾರ್ಟಿನಲ್ಲಿ ಕೆಲಸ ಸಿಕ್ಕಿದೆ. ಬೆಂಗಳೂರಿನ ಸಂಬಳ ಒಂದು ಕಡೆ, ಅಲ್ಲಿಯದು ಇನ್ನೊಂದು ಕಡೆ ಇಟ್ಟುಕೊಂಡು ಫೋನು ಮಾಡಿದ್ದ. ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿದ್ದಾನೆ, ಅಚ್ಚುಕಟ್ಟಾದ ಹುಡುಗ. ಬಾಡಿಗೆ ಇತ್ತು, ದಿನಸಿ ಇತ್ತು, ವರ್ಷಕ್ಕೊಮ್ಮೆ ವಿಮಾನದ ಟಿಕೆಟ್ಟೂ ಇತ್ತು. ನಾನು ಕೆಲವು ತಿದ್ದಿದೆ. ಮುಂಗಡಕ್ಕೆ ಮೂರು ತಿಂಗಳ ಬಾಡಿಗೆ ಎತ್ತಿಡು. ಹೀಟಿಂಗ್, ನೀರು, ಕಸ ಸೇರಿದ ಬಾಡಿಗೆಯನ್ನೇ ಕೇಳು, ಬರಿಯ ಬಾಡಿಗೆ ನೋಡಿ ಖುಷಿಪಡಬೇಡ. ಅಡುಗೆಮನೆ ಇರುವ ಮನೆಯನ್ನೇ ಹುಡುಕು. ತೆರಿಗೆ, ವಿಮೆ ಕಳೆದು ಕೈಗೆ ಬರುವ ಮೊತ್ತ ಇಟ್ಟುಕೋ. ಹೋಟೆಲು, ಕ್ಷೌರ, ಮನೆಗೆಲಸ, ಇವುಗಳಿಗೆ ಬೆಂಗಳೂರಿನಲ್ಲಿ ಎಷ್ಟು ಖರ್ಚು ಮಾಡುತ್ತೀಯೋ ಅದನ್ನು ಇಪ್ಪತ್ತರಿಂದ ಗುಣಿಸು. ಗುಣಿಸಿದ ಮೇಲೆ ಎದೆ ಒಡೆದರೆ ಆ ಸಾಲುಗಳನ್ನು ಅಳಿಸಿ ಶನಿವಾರ ಎಂದು ಬರೆದುಕೋ.

"ಇನ್ನೇನಾದರೂ ಬಿಟ್ಟಿದ್ದೇನೆಯೇ ಅಕ್ಕ?"

ಚಿಕ್ಕಪ್ಪನಿಗೆ ಅರವತ್ತೆಂಟು, ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ. ತೋಟವನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಡುವ ಮಾತು ಈಗಾಗಲೇ ನಡೆದಿದೆ. ಅವನು ಬೆಂಗಳೂರಿನಲ್ಲಿದ್ದರೆ ಶುಕ್ರವಾರ ರಾತ್ರಿಯ ಬಸ್ಸು ಹತ್ತಿ ಶನಿವಾರ ಬೆಳಿಗ್ಗೆ ಮನೆಯಲ್ಲಿರುತ್ತಾನೆ. ಸಿಲಿಂಡರ್ ತರುವುದು, ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುವುದು, ಸೊಸೈಟಿಗೆ ಹೋಗುವುದು, ಚಿಕ್ಕಮ್ಮನನ್ನು ಶಿವಮೊಗ್ಗದ ಡಾಕ್ಟರಿಗೆ ತೋರಿಸುವುದು, ಇವೆಲ್ಲ ಇಷ್ಟು ದಿನ ಅವನ ಪಟ್ಟಿಯಲ್ಲಿ ಇರಲಿಲ್ಲ, ಏಕೆಂದರೆ ಅವನೇ ಮಾಡುತ್ತಿದ್ದ. ಅಪ್ಪ, ಅಮ್ಮನ ಮನೆಗೆ ಜನ ಎಂದು ಒಂದು ಸಾಲು ಸೇರಿಸು ಎಂದೆ.

ಕೀಲಿಮಣೆಯ ಸದ್ದು ಕೇಳಿಸಿತು. ಎಷ್ಟು ಹಾಕಲಿ ಎಂದು ಕೇಳಿದ. ನಾವು ಕೊಟ್ಟದ್ದು ಇಪ್ಪತ್ತೆರಡು ಎಂದೆ.

"ಊಟ ಸೇರಿಯೋ, ಬಿಟ್ಟೋ?"

"ಊಟ, ವಸತಿ ನಮ್ಮದೇ. ತಿಂಗಳಿಗೆ ನಾಲ್ಕು ದಿನ ರಜೆ, ಆ ನಾಲ್ಕು ದಿನಕ್ಕೆ ಬೇರೆ ಯಾರನ್ನಾದರೂ ನೋಡಬೇಕು."